ಸ್ಪಷ್ಟನೆ: ಬಾಟಲಿಯಲ್ಲಿಟ್ಟ ಕೊನ್ಯಾಕ್‌ಗೆ ವಯಸ್ಸಾಗುವುದಿಲ್ಲ

'ಹೆನೆಸ್ಸಿ ಬಾಟಲಿಯನ್ನು ಮುಚ್ಚಳ ತೆಗೆಯದೆ 20 ವರ್ಷ ಇಡಿ, ವಿಎಸ್‌ಒಪಿ ತಾನಾಗಿಯೇ ಎಕ್ಸ್‌ಒ ಆಗುತ್ತದೆ' ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. (ಕೊನ್ಯಾಕ್ ಎಂದರೆ ಫ್ರಾನ್ಸ್‌ನ ಕೊನ್ಯಾಕ್ ಪ್ರದೇಶದ ಬ್ರಾಂದಿ, ಹೆನೆಸ್ಸಿ ಅದರ ಒಂದು ಬ್ರ್ಯಾಂಡ್. ವಿಎಸ್‌ಒಪಿ, ಎಕ್ಸ್‌ಒ ಅದು ಎಷ್ಟು ಹಳೆಯದೆಂದು ಹೇಳುವ ದರ್ಜೆಗಳು.) ಹೋದ ವಾರ ನಾನೂ ಸುಮ್ನೆ ನಂಬಿ ನಾಲ್ಕು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು.

ಕೊನ್ಯಾಕ್ ಹಳೆಯದಾಗುವುದು ಓಕ್ ಮರದ ಪೀಪಾಯಿಯಲ್ಲಿ ಮಾತ್ರ. ಬಿಳಿ ದ್ರಾಕ್ಷಿಯ ವೈನನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿದಾಗ ಬರುವುದು ನೀರಿನಂತೆ ಬಣ್ಣವಿಲ್ಲದ ಮದ್ಯ. ಆಮೇಲಿನ ಬಣ್ಣ, ಘಮ ಬಹುಪಾಲು ಮರದ್ದೇ. ಪೀಪಾಯಿಯಿಂದ ಪ್ರತಿ ವರ್ಷ ಒಂದಿಷ್ಟು ಆವಿಯಾಗಿಯೂ ಹೋಗುತ್ತದೆ. ಕೊನ್ಯಾಕ್ ಪ್ರದೇಶದವರು ಅದನ್ನು 'ದೇವತೆಗಳ ಪಾಲು' ಎನ್ನುತ್ತಾರೆ, ಚೆನ್ನಾಗಿದೆ ಅಲ್ವಾ? ಗಾಜಿನ ಬಾಟಲಿಗೆ ತುಂಬಿದ ಮೇಲೆ ಇದೆಲ್ಲ ನಿಂತುಹೋಗುತ್ತದೆ. ಕೊನ್ಯಾಕ್ ನಿಯಮದ ಪ್ರಕಾರ ವಿಎಸ್‌ಒಪಿ ಕನಿಷ್ಠ 4 ವರ್ಷ, ಎಕ್ಸ್‌ಒ 10 ವರ್ಷ (2018ಕ್ಕೆ ಮೊದಲು 6) ಪೀಪಾಯಿಯಲ್ಲಿರಬೇಕು. ಬೇರೆ ಬೇರೆ ವಯಸ್ಸಿನ ಮದ್ಯ ಬೆರೆಸಿದ್ದರೆ, ಅದರಲ್ಲಿ ಯಾವುದು ಎಲ್ಲಕ್ಕಿಂತ ಎಳೆಯದೋ ಅದರ ವಯಸ್ಸೇ ಲೆಕ್ಕ.

ಹೆನೆಸ್ಸಿ ಕಂಪನಿಯ ಸ್ಥಾಪಕ ನೆಪೋಲಿಯನ್‌ನ ಸೇನಾಧಿಕಾರಿ ಎಂದೂ ಆ ಮೆಸೇಜ್‌ನಲ್ಲಿದೆ. ಅಲ್ಲ. ರಿಚರ್ಡ್ ಹೆನೆಸ್ಸಿ ಐರ್ಲೆಂಡಿನ ಕಾರ್ಕ್ ಕಡೆಯವರು, ಫ್ರಾನ್ಸ್‌ನ ರಾಜ 15ನೇ ಲೂಯಿಯ ಸೈನ್ಯದಲ್ಲಿದ್ದವರು. 1765ರಲ್ಲಿ ಅವರು ಕಂಪನಿ ಶುರು ಮಾಡಿದಾಗ ನೆಪೋಲಿಯನ್ ಇನ್ನೂ ಹುಟ್ಟೇ ಇರಲಿಲ್ಲ!

ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ನಾನು ಕಳಿಸಿದ್ದನ್ನು ಅಳಿಸಿದ್ದೇನೆ.