ಮೈಷುಗರ್ ಮಾರೋದಾ ಬೇಡ್ವಾ ಅನ್ನೋಕೆ ಮುಂಚೆ

ನಾನು ಮಂಡ್ಯ ಕಡೆಯವನು, ಈಗ ಕೆಲಸ ವಿಯೆಟ್ನಾಂನ ಹೋ ಚಿ ಮಿನ್ ಸಿಟಿಲಿ. ಊರಿನವರ ಜೊತೆ ಫೋನಲ್ಲಿ ನಮ್ಮ ಮಂಡ್ಯದ ಸರ್ಕಾರಿ ಸಕ್ಕರೆ ಕಾರ್ಖಾನೆ ಮೈಷುಗರ್ ವಿಷ್ಯ ಬಂದ್ರೆ ಎರಡೇ ಗುಂಪು, ಖಾಸಗಿಗೆ ಕೊಟ್ಟು ಕೈ ತೊಳ್ಕೊಳ್ಳಿ ಅನ್ನೋರು ಒಂದು ಕಡೆ, ಪ್ರಾಣ ಹೋದ್ರೂ ಕೊಡಬೇಡಿ ಅನ್ನೋರು ಇನ್ನೊಂದು ಕಡೆ. ಮಿಲ್ಲನ್ನ ನಡೆಸೋರು ಯಾರು, ಅವರನ್ನ ಲೆಕ್ಕ ಕೇಳೋರು ಯಾರು ಅನ್ನೋದನ್ನ ಮಾತ್ರ ಇಬ್ರೂ ಎತ್ತಲ್ಲ.

ಇಲ್ಲಿ 1986ರಲ್ಲಿ ದೋಯ್ ಮೋಯ್ ಅಂತ ಆರ್ಥಿಕ ಸುಧಾರಣೆ ಶುರುವಾಯ್ತು. ಸರ್ಕಾರ ಕಮ್ಯುನಿಸ್ಟ್ ಪಕ್ಷದ್ದೇ, ಮಾರ್ಕೆಟ್ ಬಾಗಿಲು ತೆಗೆದ್ರು, ಆದ್ರೆ ಸರ್ಕಾರಿ ಕಂಪನಿಗಳನ್ನೆಲ್ಲ ಒಂದೇ ಸಲಕ್ಕೆ ಮಾರಲಿಲ್ಲ. ವಿನಾಮಿಲ್ಕ್ ಅಂತ ಹಾಲಿನ ಕಂಪನಿ ಇದೆ, 1976ರಲ್ಲಿ ಸರ್ಕಾರ ವಶಕ್ಕೆ ತಗೊಂಡ ಫ್ಯಾಕ್ಟರಿಗಳಿಂದ ಹುಟ್ಟಿದ್ದು, 2003ರಲ್ಲಿ ಶೇರ್ ಕಂಪನಿ ಮಾಡಿ 2006ರಲ್ಲಿ ಷೇರುಪೇಟೆಗೆ ತಂದ್ರು, 36% ಪಾಲನ್ನ ಸರ್ಕಾರದ ಹೂಡಿಕೆ ಸಂಸ್ಥೆನೇ ಇಟ್ಕೊಂಡಿದೆ. 1992ರಲ್ಲಿ ಚುಕ್ಕಾಣಿ ಹಿಡಿದ ಮಾಯ್ ಕಿಯೆವ್ ಲಿಯೆನ್ ಅನ್ನೋ ಹೆಣ್ಣುಮಗಳು ಮೂವತ್ತು ವರ್ಷ ದಾಟಿದ್ರೂ ನಡೆಸಿಕೊಂಡು ಬಂದ್ರು. ಅದೇ ದೇಶದಲ್ಲಿ ವಿನಾಶಿನ್ ಅಂತ ಹಡಗು ಕಟ್ಟೋ ಕಂಪನಿ, ಪೂರ್ತಿ ಸರ್ಕಾರದ್ದು. 2005ರಲ್ಲಿ ಸರ್ಕಾರ ವಿದೇಶದಿಂದ ಎತ್ತಿದ 75 ಕೋಟಿ ಡಾಲರ್ ಸಾಲಾನ ಅದ್ರ ಕೈಗೇ ಕೊಟ್ರು, ಅವ್ರು ಕಂಡಕಂಡ ಧಂಧೆಗೆಲ್ಲ ಕೈ ಹಾಕಿದ್ರು, 2010ರ ಹೊತ್ತಿಗೆ ಸಾಲ 400 ಕೋಟಿ ಡಾಲರ್ ದಾಟಿ ಕಂತು ಕಟ್ಟೋಕಾಗ್ಲಿಲ್ಲ. ಅಧ್ಯಕ್ಷನಿಗೆ 2012ರಲ್ಲಿ 20 ವರ್ಷ ಜೈಲಾಯ್ತು. ಎರಡರಲ್ಲೂ ಸರ್ಕಾರದ ಪಾಲಿತ್ತು, ವ್ಯತ್ಯಾಸ ಆಗಿದ್ದು ನಡೆಸೋರಿಂದ, ಲೆಕ್ಕ ಕೇಳೋರಿಂದ.

ನಮ್ಮ ಕಡೆ ಸರ್ಕಾರಿ ಕಂಪನಿನೂ ಚೆನ್ನಾಗಿ ನಡೆಯುತ್ತೆ ಅನ್ನೋಕೆ ಮೈಸೂರಿನ ಅರಗು ಕಾರ್ಖಾನೆ ನೋಡಿ ಅಂತಾರೆ, 1962ರಿಂದ ಚುನಾವಣೆ ಶಾಯಿ ಕೊಡ್ತಾ ಬಂದಿದೆ, ಒಳ್ಳೇದೇ, ಆದ್ರೆ ಅದಕ್ಕೆ ಪೈಪೋಟಿನೇ ಇಲ್ವಲ್ಲ. ಮೈಸೂರು ಸ್ಯಾಂಡಲ್ ಸೋಪು ಹಂಗಲ್ಲ, ಅದೂ ಸರ್ಕಾರದ್ದೇ, ದೊಡ್ಡ ದೊಡ್ಡ ಕಂಪನಿಗಳ ಮಧ್ಯೆ ನಿಂತು ವರ್ಷಕ್ಕೆ ಸಾವಿರ ಕೋಟಿ ಮೇಲೆ ವಹಿವಾಟು ಮಾಡ್ತಿದೆ.

ಸಕ್ಕರೆ ಕಾರ್ಖಾನೆ ಕಷ್ಟಾನೇ ಬೇರೆ. ಕಟಾವಾದ ಕಬ್ಬು ಕಾಯಲ್ಲ, ಒಂದೊಂದು ದಿನ ತಡ ಆದಂಗೂ ಒಣಗಿ ತೂಕ ಇಳಿಯುತ್ತೆ, ರಿಕವರಿನೂ, ಅಂದ್ರೆ ಕಬ್ಬಿಂದ ಸಿಗೋ ಸಕ್ಕರೆ ಪ್ರಮಾಣಾನೂ, ಬೀಳುತ್ತೆ. ನಮ್ಮಪ್ಪ ಒಂದು ಖಾಸಗಿ ಮಿಲ್ಲಿಗೆ ಹಾಕಿದ ಲೋಡು ಟ್ರ್ಯಾಕ್ಟರ್ ಸಾಲಲ್ಲಿ ಎರಡು ದಿನ ನಿಂತಿತ್ತು, ಆಮೇಲೆ 14 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನಿದ್ರೂ ತಿಂಗಳುಗಟ್ಟಲೆ ಬಾಕಿ. ಹಂಗಾಗಿ ಖಾಸಗಿ ಅಂದ ತಕ್ಷಣ ಎಲ್ಲ ಸರಿಹೋಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಬಾಯ್ಲರ್, ಮಿಲ್ಲು ರಿಪೇರಿ ಎಲ್ಲ ಹಂಗಾಮು ಶುರುವಾಗೋಕೆ ಮುಂಚೆನೇ ಮುಗೀಬೇಕು, ಸರ್ಕಾರಿ ಮಿಲ್ಲಲ್ಲಿ ಆ ಪ್ಲಾನು ಹಾಕಿದ ಎಂಡಿನೇ (ಮ್ಯಾನೇಜಿಂಗ್ ಡೈರೆಕ್ಟರ್) ಅಷ್ಟರಲ್ಲಿ ವರ್ಗ ಆಗಿ ಹೋದ್ರೆ ಯಾರನ್ನ ಕೇಳೋದು?

ಮೈಷುಗರ್ 1933ರ ಕಂಪನಿ, ಕೆಲ ವರ್ಷ ನಿಂತು 2022ರಲ್ಲಿ ಮತ್ತೆ ಶುರುವಾಗಿದೆ. ಸರ್ಕಾರದ್ದೇ ಇರ್ಲಿ, ಆದ್ರೆ ಎಂಡಿಗೆ ಐದು ವರ್ಷ ಗ್ಯಾರಂಟಿ ಕೊಡಿ, ದಿನಕ್ಕೆಷ್ಟು ಟನ್ ನುರಿಸಿದ್ರು, ರಿಕವರಿ ಎಷ್ಟು, ರೈತರಿಗೆ ಬಾಕಿ ಎಷ್ಟು ಅಂತ ಗೇಟಲ್ಲಿ ಬೋರ್ಡು ಹಾಕಿ, ಕಬ್ಬು ಹಾಕೋರಿಗೆ ಇನ್ನಷ್ಟು ಶೇರ್ ಕೊಟ್ಟು ಬೋರ್ಡ್ ಮೀಟಿಂಗಲ್ಲಿ ಕೂರಿಸಿ. ಇಷ್ಟೆಲ್ಲ ಮಾಡಿಯೂ ನಷ್ಟಾನೇ ಆದ್ರೆ ಆಗ ಮಾರೋ ಮಾತು ಬರ್ಲಿ, ಅದೂ ಮಿಲ್ ಮಾತ್ರ, ಊರ ಮಧ್ಯದ ಜಾಗ ಅಲ್ಲ.