ವೇಗದ ರೈಲು ನಡುವಿನ ಊರುಗಳಲ್ಲೂ ನಿಲ್ಲಬೇಕೇ?

ಪರ: ಹೊಲ ಕೊಟ್ಟವರಿಗೆ ನಿಲ್ದಾಣವೂ ಇರಲಿ

ಹೊಲ ಕೊಡುವವರು ನಡುವಿನ ಊರಿನವರು. ಸದ್ದು ಕೇಳಿಸಿಕೊಳ್ಳುವವರೂ ಅವರೇ. ರೈಲು ಹತ್ತುವವರು ಮಾತ್ರ ಎರಡು ತುದಿಯ ದೊಡ್ಡ ನಗರದವರು. ಇದೆಂಥ ಲೆಕ್ಕ?

1992ರಲ್ಲಿ ಮ್ಯಾಡ್ರಿಡ್–ಸೆವಿಲ್ ಮಾರ್ಗ ತೆರೆದಾಗ ಸ್ಪೇನ್, ಸಿಯುದಾದ್ ರಿಯಾಲ್ ಎಂಬ ಸಾಧಾರಣ ಊರಿಗೂ ನಿಲ್ದಾಣ ಕೊಟ್ಟಿತು. ಮ್ಯಾಡ್ರಿಡ್ ಸುಮಾರು ಒಂದು ಗಂಟೆಯ ದಾರಿಯಾಯಿತು. ಜನ ಮನೆ ಬದಲಿಸದೆ ರಾಜಧಾನಿಯ ಕೆಲಸಕ್ಕೆ ಹೋಗಿಬರತೊಡಗಿದರು. ಮ್ಯಾಡ್ರಿಡ್‌ನಿಂದ ಈ ಊರಿಗೆ ಪಾಠ ಮಾಡಲು ಬರುವ ಮೇಷ್ಟ್ರುಗಳೂ ಇದ್ದಾರೆ.

ಎಲ್ಲ ರೈಲೂ ಎಲ್ಲ ಕಡೆ ನಿಲ್ಲಲಿ ಅಂತ ಯಾರು ಹೇಳಿದರು? ಜಪಾನಿನ ಟೋಕಿಯೊ–ಒಸಾಕ ನಡುವೆ ಕೊಡಾಮಾ ಎಂಬ ವೇಗದ ರೈಲು ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತದೆ, ನೊಜೊಮಿ ಎಂಬುದು ದೊಡ್ಡ ನಗರಗಳಲ್ಲಷ್ಟೇ. ಸಣ್ಣ ನಿಲ್ದಾಣದಲ್ಲಿ ಕೊಡಾಮಾ ಪಕ್ಕದ ಹಳಿಗೆ ಸರಿದು ದಾರಿ ಬಿಡುತ್ತದೆ. ನೊಜೊಮಿ ಹಾದುಹೋಗುವಾಗ ನಿಂತ ಬೋಗಿ ಒಮ್ಮೆ ಅಲುಗುತ್ತದೆ, ಅಷ್ಟೆ.

ಸಮಯ ಹಾಳು ಅನ್ನುವವರನ್ನು ಕೇಳುತ್ತೇನೆ. ಉಳಿಸಿದ ಐದು ನಿಮಿಷದಲ್ಲಿ ಏನು ಮಾಡುತ್ತೀರಿ? ಮೊಬೈಲ್ ನೋಡುತ್ತೀರಿ, ಅಲ್ವಾ? ಮತ್ತೆ ಹೇಳುತ್ತೇನೆ: ಹೊಲ ಕೊಟ್ಟವರು ಸುಮ್ನೆ ಕೈ ಬೀಸುತ್ತಾ ನಿಲ್ಲಬೇಕೇ?

ವಿರೋಧ: ನಿಂತು ನಿಂತು ಹೋದರೆ ವೇಗವೆಲ್ಲಿ?

ವಿರೋಧದ ಪಾಲು ನನಗೆ ಬಂದಿದೆ, ಬರೆಯುತ್ತೇನೆ. ಗಂಟೆಗೆ 300 ಕಿ.ಮೀ. ಓಡುವ ರೈಲು ನಿಲ್ಲಲು ಹಲವು ಕಿಲೋಮೀಟರ್ ಮೊದಲೇ ಬ್ರೇಕ್ ಹಿಡಿಯಬೇಕು. ಮತ್ತೆ ಆ ವೇಗಕ್ಕೆ ಏರಲು ಇನ್ನೂ ಜಾಸ್ತಿ ದೂರ ಬೇಕು. ಒಂದೂರಿಗೆ ಕೊಟ್ಟರೆ ಪಕ್ಕದೂರೂ ಕೇಳುತ್ತದೆ. ಜರ್ಮನಿಯ ಕಲೋನ್–ಫ್ರಾಂಕ್‌ಫರ್ಟ್ ಮಾರ್ಗದಲ್ಲಿ ಲಿಂಬುರ್ಗ್ ಮತ್ತು ಮೊಂಟಬೌರ್ ನಿಲ್ದಾಣಗಳ ನಡುವೆ ಸುಮಾರು 20 ಕಿ.ಮೀ. ಅಷ್ಟೇ. ರಾಜ್ಯ ಬೇರೆ ಬೇರೆ ನೋಡಿ, ಇಬ್ಬರಿಗೂ ಒಂದೊಂದು.

ಹಳಿಯನ್ನು ಊರೊಳಗೆ ತಿರುಗಿಸೋಣ ಎಂದರೆ ಈ ವೇಗಕ್ಕೆ ಕಡಿದಾದ ತಿರುವು ಆಗದು. ಹಾಗಾಗಿ ನಿಲ್ದಾಣ ಹೊಲಕ್ಕೆ ಬೀಳುತ್ತದೆ. ಫ್ರಾನ್ಸ್‌ನ ಓತ್-ಪಿಕಾರ್ದಿ ನಿಲ್ದಾಣ ಅತ್ತ ಅಮಿಯಾಂ ಊರಲ್ಲೂ ಇಲ್ಲ, ಇತ್ತ ಸೇಂಟ್-ಕ್ವೆಂಟಿನ್ ಊರಲ್ಲೂ ಇಲ್ಲ, ನಡುವಿನ ಹೊಲದಲ್ಲಿದೆ. ಜನ ಅದನ್ನು ‘ಬೀಟ್‌ರೂಟ್ ನಿಲ್ದಾಣ’ ಅಂತಲೇ ಕರೆದರು.

ಅಂಥದ್ದೇ ಒಂದು ನಿಲ್ದಾಣದಲ್ಲಿ ನಾನೂ ರಾತ್ರಿ ಹನ್ನೊಂದಕ್ಕೆ ಇಳಿದಿದ್ದೇನೆ. ಬೋರ್ಡಿನಲ್ಲಿ ಊರಿನ ಹೆಸರಿತ್ತು, ಊರು ಇರಲಿಲ್ಲ. ಕೊನೆಯ ಬಸ್ಸು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ನನ್ನ ಜೊತೆ ಇಳಿದ ಇಬ್ಬರನ್ನು ಕರೆದೊಯ್ಯಲು ಕಾರು ಬಂದಿತ್ತು. ಅದು ಹೋದ ಮೇಲೆ ಪ್ಲಾಟ್‌ಫಾರ್ಮಿನ ದೀಪಗಳು ಒಂದೊಂದಾಗಿ ಆರಿದವು. ಸೂಟ್‌ಕೇಸ್ ಮೇಲೆ ಕೂತು ಮುಕ್ಕಾಲು ಗಂಟೆ ಟ್ಯಾಕ್ಸಿಗೆ ಕಾದೆ. ಇದು ನಿಲ್ದಾಣವೇ ಬೇಡ ಅನ್ನಲು ಕಾರಣವೋ, ಊರೊಳಗೇ ಕಟ್ಟಿ ಅನ್ನಲು ಕಾರಣವೋ, ನನಗೂ ಸರಿಯಾಗಿ ಗೊತ್ತಾಗುತ್ತಿಲ್ಲ. ಟ್ಯಾಕ್ಸಿಗೆ ಕೊಟ್ಟ ದುಡ್ಡು ಮಾತ್ರ ರೈಲು ಟಿಕೆಟ್‌ಗಿಂತ ಜಾಸ್ತಿ.