ಮಣಿ ಸಾಮಾನು ಮಾರಾಟಕ್ಕೆ ಜಿಎಸ್‌ಟಿ ಕಡ್ಡಾಯ ಎಂಬ ಸಂದೇಶದ ಬಗ್ಗೆ ಸ್ಪಷ್ಟನೆ

ಬೆಳಗಾವಿಯ ಮಹಿಳಾ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ‘ಮಣಿ ಸರ, ಬಾಗಿಲ ತೋರಣ ಮಾಡಿ ಮಾರುವವರು ಸಂತೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ, ಜಿಎಸ್‌ಟಿ ನಂಬರ್ ಇಲ್ಲದೆ ಮಾರಿದರೆ ದಂಡ.’ ಇದು ತಪ್ಪು.

ಕರ್ನಾಟಕದಲ್ಲಿ ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಮನೆಯಲ್ಲಿ ಕೂತು ಮಣಿ ಪೋಣಿಸುವ ನಮ್ಮ ಅಕ್ಕ-ತಂಗಿಯರಲ್ಲಿ ಆ ಮೊತ್ತದ ಹತ್ತಿರಕ್ಕೆ ಹೋಗುವವರು ಎಷ್ಟು ಮಂದಿ ಇದ್ದಾರು? ಜಾತ್ರೆಯಲ್ಲಿ, ಕರಕುಶಲ ಮೇಳದಲ್ಲಿ ಧೈರ್ಯವಾಗಿ ಅಂಗಡಿ ಹಾಕಿರಿ.

ಆನ್‌ಲೈನ್ ವಿಷಯದಲ್ಲಿ ಗೊಂದಲಕ್ಕೆ ಕಾರಣವಿದೆ. ಅಮೆಜಾನ್, ಮೀಶೋದಂಥ ವೇದಿಕೆಗಳಲ್ಲಿ ಸರಕು ಮಾರಲು ಮೊದಲು ನೋಂದಣಿ ಕಡ್ಡಾಯವೇ ಆಗಿತ್ತು. ಕೇಂದ್ರ ತೆರಿಗೆ ಅಧಿಸೂಚನೆ 34/2023ರ ಪ್ರಕಾರ 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ವಿನಾಯಿತಿ ಸಿಕ್ಕಿದೆ. ಷರತ್ತುಗಳೂ ಇವೆ. ಪ್ಯಾನ್ ಇರಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ವಿವರ ಕೊಟ್ಟು ದಾಖಲಾತಿ ಸಂಖ್ಯೆ ಪಡೆಯಬೇಕು. ಇದು ಜಿಎಸ್‌ಟಿ ನಂಬರ್ ಅಲ್ಲ, ಬೇರೆ. ಮಾರಾಟ ಒಂದೇ ರಾಜ್ಯದೊಳಗೆ ಇರಬೇಕು. ಈ ಕೊನೆಯದು ನಮ್ಮಂಥ ಗಡಿ ಜಿಲ್ಲೆಯವರಿಗೆ ಬಹಳ ಮುಖ್ಯ: ಕೊಲ್ಹಾಪುರ ನಮಗೆ ಪಕ್ಕದ ಊರು, ಆದರೆ ಕಾನೂನಿಗೆ ಅದು ಹೊರರಾಜ್ಯ. ಅಲ್ಲಿಗೆ ಆರ್ಡರ್ ಕಳಿಸುವ ಮೊದಲು ತೆರಿಗೆ ಸಲಹೆಗಾರರನ್ನು ಕೇಳಿರಿ.

‘ನೋಂದಣಿ ಮಾಡಿಸಿಕೊಡುತ್ತೇವೆ, ಸರ್ಕಾರಿ ಶುಲ್ಕ ಕಟ್ಟಿ’ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಜಿಎಸ್‌ಟಿ ನೋಂದಣಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿರಿ.